ಕಲಂ ಹನ್ನೊಂದು, ಅನುವಾದಕ್ಕೆ

ಮಸೂದೆ ಬಂದದ್ದು ಬುಧವಾರ, ಬೂದು ಕಡತದಲ್ಲಿ,
ಮೇಲೆ ಯಾರದೋ ಚಹಾ ಲೋಟದ ಉಂಗುರ.
'ಶುಕ್ರವಾರದೊಳಗೆ ಸಮೋವನ್ ಭಾಷೆಗೆ' ಅಂತ
ಕಾರ್ಯದರ್ಶಿ ಪೆನಿಯಾಮಿನಾರ ಪೆನ್ಸಿಲ್ಲು.
ಮೂಲ ಯಾವುದೋ ಚಳಿದೇಶದ ಕರಡು,
ಬಾಗಿಲು ಹಾಕಿಕೊಂಡೇ ಬದುಕುವವರದ್ದು.

ಹತ್ತು ಕಲಂ ಸಲೀಸಾಗಿ ಹೋದವು.
ಕಂಪ್ಯೂಟರ್ ಅಂದರೆ ಕಂಪ್ಯೂಟರೇ,
ನಮ್ಮ ನಾಲಿಗೆಗೆ ಒಂದೆರಡು ಸ್ವರ ಹೆಚ್ಚಿಗೆ ಬೇಕು, ಅಷ್ಟೆ.
ಹನ್ನೊಂದರಲ್ಲಿ ಕಾಲು ಸಿಕ್ಕಿಕೊಂಡಿತು:

ಯಾರೇ ಆಗಲಿ, ಬೇಕೆಂದೇ, ಅಧಿಕಾರವಿಲ್ಲದೆ,
ಒಂದು ಕಂಪ್ಯೂಟರಿನ ಒಳಹೊಕ್ಕಲ್ಲಿ—

ಒಳಹೊಕ್ಕಲ್ಲಿ.
ನಾನು ಹುಟ್ಟಿದ ಮನೆಗೆ ಒಳಗೆಂಬುದೇ ಇರಲಿಲ್ಲ.
ಸುತ್ತ ಕಂಬ, ಮೇಲೆ ಸೂರು, ಕೆಳಗೆ ಕಡಲ ಹರಳುಕಲ್ಲು.
ಗಾಳಿ ಬಂದರೆ ಬಂತು, ಹೋದರೆ ಹೋಯಿತು,
ಇರಚಲು ಜೋರಾದರೆ ಗರಿಯ ತಟ್ಟಿ ಇಳಿಬಿಡುವುದು.
ಬೀಗವೆಂಬ ವಸ್ತುವನ್ನು ನಾನು ಮೊದಲು ಕಂಡದ್ದು
ಶಾಲೆಯ ಬಿಸ್ಕತ್ತಿನ ಬೀರುವಿಗೆ.

ಸಂಜೆ ಅಜ್ಜಿ ಲೂಸೀನಾಗೆ ಫೋನು ಹಚ್ಚಿದೆ:
'ಅಪ್ಪಣೆಯಿಲ್ಲದೆ ಒಳಗೆ ಬಂದವನಿಗೆ ನಮ್ಮಲ್ಲಿ ಏನನ್ನುತ್ತಾರೆ?'
ಆ ತುದಿಯಲ್ಲಿ ಜೀಗುಜ್ಜೆ ಹೆರೆಯುವ ಸದ್ದು.
'ಬಂದರೆ ಬರಲಿ ಬಿಡು. ಬಂದವನು ಬಾಗಿದನೋ ಇಲ್ಲವೋ?'

ಅಷ್ಟೇ ಅವಳ ಪ್ರಶ್ನೆ.
ಕೂತವರ ಮುಂದೆ ಹಾಯುವಾಗ ಬೆನ್ನು ಬಗ್ಗಿಸಿ,
ಕೈಯನ್ನು ನೆಲದತ್ತ ಇಳಿಬಿಟ್ಟು, 'ತುಲೋ' ಎನ್ನಬೇಕು.
ಅದೇ ನಮ್ಮ ಗೋಡೆ. ನಾಲ್ಕು ಬೆರಳಗಲದ ಮಾತು.
ಮುಸ್ಸಂಜೆ ಶಂಖ ಊದಿದ ಮೇಲೆ ಊರದಾರಿಯಲ್ಲಿ ಯಾರೂ ನಡೆಯರು;
ಅದೇ ನಮ್ಮ ಬಾಗಿಲು, ಪ್ರಾರ್ಥನೆ ಮುಗಿಯುವತನಕ ಮುಚ್ಚಿದ್ದು.

ಹೋದ ವರ್ಷ ನಮ್ಮೂರ ಇಯೋನಾ, ಹದಿನೇಳರ ಹುಡುಗ,
ವಿಧವೆ ಫೆತುವಿನ ಪಾಸ್‌ವರ್ಡ್ ಊಹಿಸಿದ.
ಏನು ಮಹಾ ಊಹೆ! ತೀರಿಹೋದ ಗಂಡನ ಹೆಸರು,
ಮುಂದೆ ಅವನ ದೋಣಿಯ ನಂಬರು.
ಆಕ್ಲೆಂಡಿನ ಕೋಳಿ ಕಾರ್ಖಾನೆಯಿಂದ ತಂಗಿ ಕಳಿಸಿದ
ಒಂಬೈನೂರು ತಾಲಾ, ಮೂರು ರಾತ್ರಿಯಲ್ಲಿ ಬಂದೂಕುಗಳಾದವು,
ಪರದೆಯ ಮೇಲಷ್ಟೇ ಸಿಡಿಯುವ ಆಟದ ಬಂದೂಕು.
ಫೆತು ಹಣಕ್ಕೆ ಅಳಲಿಲ್ಲ.
'ಅವರ ಹೆಸರನ್ನು ಒತ್ತಿದನಲ್ಲ,' ಅಂದಳು,
'ನಾನು ದಿನಾ ಒಬ್ಬಳೇ ಒತ್ತುತ್ತಿದ್ದ ಹೆಸರು.'

ಬೆಳಕು ಹರಿಯುವ ಮೊದಲೇ ಅವಳ ಮನೆಯೆದುರು
ಇಯೋನಾನ ಅಪ್ಪ ನೆಲಕ್ಕೆ ಕೂತಿದ್ದ,
ಮನೆತನದ ನಯಚಾಪೆಯನ್ನು ತಲೆ ಮುಚ್ಚುವಂತೆ ಹೊದ್ದು.
ಹಿಂದೆ ಮಾವಂದಿರು, ಕೊನೆಯಲ್ಲಿ ಹುಡುಗ.
ಬಿಸಿಲೇರಿತು. ನಾಯಿಗಳು ಮೂಸಿ ಹೋದವು.
ಹತ್ತೂವರೆಗೆ ಫೆತು ಎದ್ದು ಬಂದು ಚಾಪೆ ಎತ್ತಿದಳು.
ಏನೂ ಅನ್ನಲಿಲ್ಲ. ಕೋಕೋ ಕಾಸಿ ಕೊಟ್ಟಳು.
ಮಾರನೆಯ ದಿನ ಪಾಸ್‌ವರ್ಡ್ ಬದಲಿಸಲು ಅವನನ್ನೇ ಕರೆದಳು;
ಮುಖ ಸಮುದ್ರದ ಕಡೆ ತಿರುಗಿಸಿ ಕೂತು ಅವನು
'ಈಗ ಒತ್ತಿ' ಎನ್ನುತ್ತಿದ್ದ.

ಇದನ್ನೇ ಬರೆದುಬಿಡೋಣ ಎಂದುಕೊಂಡಿದ್ದೆ:
ಸದರಿ ಅಪರಾಧಿಯು ಚಾಪೆ ಹೊದ್ದು ಕೂರತಕ್ಕದ್ದು.
ಆದರೆ ಗುರುವಾರ ಆಸ್ಪತ್ರೆಯ ಕಂಪ್ಯೂಟರುಗಳು
ಒಟ್ಟಿಗೇ ಕಣ್ಣು ಮುಚ್ಚಿದವು.
ಪರದೆ ತುಂಬ ಒಂದು ಮೊತ್ತ, ಒಂದು ಗಡುವು,
ಯಾವ ದೇಶದ್ದೆಂದು ತಿಳಿಯದ ವ್ಯಾಕರಣ.
ಹೆರಿಗೆ ವಾರ್ಡಿನ ನರ್ಸುಗಳು ರಕ್ತದ ಗುಂಪನ್ನು
ಬಸುರಿಯರ ಮಣಿಕಟ್ಟಿಗೆ ನೀಲಿ ಪೆನ್ನಿನಲ್ಲಿ ಬರೆದರು.

ಇವನು ಯಾರ ಮಗ? ಯಾವ ಊರಿನವನು?
ಯಾವ ಅಂಗಳಕ್ಕೆ ಬಂದು ಕೂರಬೇಕು ಇವನಪ್ಪ?
ಬಾಗಲಿಕ್ಕೆ ಬೆನ್ನೇ ಇಲ್ಲದವನಿಗೆ
ಕಾಗದದ ಮೇಲಾದರೂ ಒಂದು ಬೆನ್ನು ಕೊಡಬೇಕಲ್ಲ.
ಅದಕ್ಕೇ ಇರಬೇಕು ಈ ಒಣ ಮಾತು,
ಯಾರೇ ಆಗಲಿ.

ಶುಕ್ರವಾರ ಕಡತ ಒಪ್ಪಿಸಿದೆ.
'ಅಧಿಕಾರವಿಲ್ಲದೆ' ಎಂಬಲ್ಲಿ
'ತುಲೋ ಎನ್ನದೆ' ಎಂದು ಬರೆದಿದ್ದೆ.
ಪೆನಿಯಾಮಿನಾ ಎರಡು ಸಲ ಓದಿದರು, ಕನ್ನಡಕ ಒರೆಸಿದರು,
ಹೊಡೆದುಹಾಕಿದರು.
ಪೆನ್ಸಿಲ್ಲಿನಲ್ಲೇ ಆದರೂ, ತೆಳ್ಳಗೆ, ಕೆಳಗಿನದು ಓದಲು ಬರುವಂತೆ.

'ಸೆರೆವಾಸ, ವರ್ಷ ಮೀರದಂತೆ' ಎಂಬಲ್ಲಿ
ಎಷ್ಟು ಎನ್ನುವ ಜಾಗ ಇನ್ನೂ ಖಾಲಿ.
ಅದನ್ನು ಸಭೆಯವರು ತುಂಬುತ್ತಾರಂತೆ.